ನೀವು ಕೊಟ್ಟ ಮಾತು, ಅವನ ಮೊಣಕೈ

ಗಿಲ್‌ರಾಯ್, ಕ್ಯಾಲಿಫೋರ್ನಿಯಾ
ಬುಧವಾರ, ೨೩ ಆಗಸ್ಟ್ ೨೦೦೦

ಸಂದೇಶನ ಅಪ್ಪಾರಿಗೆ ಊರ್ಮಿಳಾ ಮಾಡುವ ನಮಸ್ಕಾರ.

ಮೊದಲು ಆರೋಗ್ಯದ ಮಾತು. ಮೆಣಸಿನಕಾಯಿ ಧೂಳಿಗೆ ಹಿಡಿದಿದ್ದ ಕೆಮ್ಮು ಕಡಿಮೆಯಾಯಿತೇ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಗೋದಾಮಿನೊಳಗೆ ಹೋಗಬೇಡಿ. ನೀಲಾಬಾಯಿ ವೈನಿ ಹಾವೇರಿಯಿಂದ ಕಳಿಸುವ ಕಷಾಯ ನೀವು ಕುಡಿಯುತ್ತೀರೋ, ಆಫೀಸಿನ ತುಳಸಿಗೆ ಕುಡಿಸುತ್ತೀರೋ? ರಕ್ತದೊತ್ತಡದ ಗುಳಿಗೆ ಮುಗಿಯುತ್ತ ಬಂದಿರಬೇಕು. ಮೂರು ತಿಂಗಳಿಗಾಗುವಷ್ಟು ಇದರ ಜೊತೆಗೇ ಕಳಿಸಿದ್ದೇನೆ. ಮುಂದೆ ಓದುವ ಮೊದಲು ಒಂದು ನುಂಗಿ. ತಮಾಷೆಗೆ ಹೇಳುತ್ತಿಲ್ಲ.

ನನ್ನ ಆರೋಗ್ಯ ಚೆನ್ನಾಗಿದೆ, ಸಿಟ್ಟು ಅದಕ್ಕಿಂತ ಚೆನ್ನಾಗಿದೆ. ಮದುವೆಯ ದಿನ ನಿಮ್ಮ ಹೆಸರು ಹೇಳಲು ಹತ್ತು ಒಡಪು ಕಟ್ಟಿಕೊಂಡು ಬಂದ ಹುಡುಗಿ ನಾನು. ನಿಮ್ಮ ಮನೆಯ ಹೆಂಗಸರು ಬಾಗಿಲು ಅಡ್ಡಗಟ್ಟಿ ಹತ್ತನ್ನೂ ಹೇಳಿಸಿದ್ದರು. ಹನ್ನೊಂದನೆಯದು ಇಪ್ಪತ್ತನಾಲ್ಕು ವರ್ಷದ ಮೇಲೆ ಮೊನ್ನೆ ಪಾತ್ರೆ ತೊಳೆಯುವಾಗ ತಾನಾಗಿ ಬಂತು, ಯಾರೂ ಬಾಗಿಲು ಅಡ್ಡಗಟ್ಟಿರಲಿಲ್ಲ:

ಬ್ಯಾಡಗಿ ಮೆಣಸಿನಕಾಯಿ ನೋಡಾಕ ಕೆಂಪ, ತಿಂದರ ತಂಪ;
ಶಿವಪ್ರಸಾದರ ಹೇಣ್ತಿ ನೋಡಾಕ ತಂಪ, ಒಳಗೆಲ್ಲ ಕೆಂಪ.

ಫೋನು ಮಾಡಬಹುದಿತ್ತು. ಆದರೆ ನಿಮ್ಮ ಫೋನು ಕೂತಿರುವುದು ಗೋದಾಮಿನ ಮೇಜಿನ ಮೇಲೆ. ಸುತ್ತ ಆರು ಜನ ತೂಕದ ಚೀಟಿ ಹಿಡಿದು ನಿಂತಿರುತ್ತಾರೆ. ನಾನು ಇಲ್ಲಿ ಎಷ್ಟೇ ಕೂಗಾಡಿದರೂ ನೀವು ಅವರೆದುರು ನಕ್ಕು "ಹೂಂ, ಹೂಂ, ಇಲ್ಲೆಲ್ಲಾ ಆರಾಮ" ಅಂದು ಇಟ್ಟುಬಿಡುತ್ತೀರಿ. ಕಾಗದದ ಸುಖ ಏನೆಂದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಯೂನಿಯನ್ ಸಿಟಿಯ ಜಯರಾಮ್ ಶುಕ್ರವಾರ ಬೆಂಗಳೂರಿಗೆ ಹಾರುತ್ತಾರೆ. ನಾಳೆ ಊರಿನವರಿಗೆ ಬೂಟು, ಬ್ಯಾಗು ಕೊಳ್ಳಲು ಗಿಲ್‌ರಾಯಿಯ ಔಟ್‌ಲೆಟ್ ಅಂಗಡಿಗಳಿಗೆ ಬಂದಾಗ ನಾನು ಕೆಲಸ ಮಾಡುವ ಪಾತ್ರೆ ಅಂಗಡಿಯಲ್ಲೇ ಈ ಲಕೋಟೆ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ಬೆಂಗಳೂರಿನಿಂದ ಸ್ಪೀಡ್ ಪೋಸ್ಟಿಗೆ ಹಾಕಿದರೆ ಮುಂದಿನ ಬುಧವಾರದೊಳಗೆ ನಿಮ್ಮ ಕೈಯಲ್ಲಿರುತ್ತದೆ. ಸಾಕು. ಸೆಪ್ಟೆಂಬರ್ ನಾಲ್ಕಕ್ಕೆ ಇನ್ನೂ ಐದು ದಿನ ಉಳಿದಿರುತ್ತದೆ.

ಸೆಪ್ಟೆಂಬರ್ ನಾಲ್ಕು ಏನೆಂದು ನಿಮಗೆ ಗೊತ್ತು, ನೀವೇ ಮಾಡಿಟ್ಟದ್ದು. ಸಂದೇಶನ ಬೇಸ್‌ಬಾಲ್ ತಂಡದ ಮ್ಯಾನೇಜರ್ ಹಾರ್ಲನ್ ಕಳೆದ ಗುರುವಾರ ನಿಮಗೆ ಬ್ಯಾಡಗಿಗೆ ಫೋನು ಮಾಡಿದ. ನಿಮ್ಮ ಮಗ ಬ್ಯಾಟು ಕೆಳಗಿಟ್ಟು ಮತ್ತೆ ಚೆಂಡು ಎಸೆಯುವ ಪಿಚರ್ ಆಗಬೇಕೆಂದು ಕ್ಲಬ್ಬಿನ ಆಸೆ ಎಂದ. ಮಗನನ್ನು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ, ನಿಂತ ನಿಲುವಿನಲ್ಲೇ ನೀವು ಮಾತು ಕೊಟ್ಟಿರಿ. ಸೀಸನ್ನಿನ ಕೊನೆಯ ಆಟ ಸೆಪ್ಟೆಂಬರ್ ನಾಲ್ಕಕ್ಕೆ. ಅಷ್ಟರೊಳಗೆ ಸಂದೇಶ ಒಲ್ಲೆ ಎನ್ನದಿದ್ದರೆ ತಿಂಗಳ ನಡುವಿಗೆ ಅವನನ್ನು ಅರಿಜೋನಾದ ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲಿ ಪಿಚರ್‌ನ ದಿಬ್ಬದ ಮೇಲೆ ನಿಲ್ಲಿಸಿ ದಿನ ಬಿಟ್ಟು ದಿನ ಎಸೆಸುತ್ತಾರೆ, ಒಮ್ಮೆ ಹರಿದು ಹೊಲಿದ ಮೊಣಕೈಯಿಂದ.

ಇದರಲ್ಲಿ ಹಾರ್ಲನ್ನನದು ಅರ್ಧ ತಪ್ಪು ಮಾತ್ರ. ಅವನು ಮೊದಲು ಕೇಳಿದ್ದು ಸಂದೇಶನನ್ನೇ. ಆರಡಿ ಎತ್ತರದ, ಇಪ್ಪತ್ಮೂರು ವರ್ಷದ, ಕೆನ್ನೆ ತುಂಬ ಗಡ್ಡ ಬಿಟ್ಟ ನಮ್ಮ ಮಗ "ಐ ಹ್ಯಾವ್ ಟು ಆಸ್ಕ್ ಮೈ ಡ್ಯಾಡ್" ಅಂದನಂತೆ. ಹಾರ್ಲನ್ ಮೂವತ್ತು ವರ್ಷ ಈ ಆಟದಲ್ಲಿದ್ದಾನೆ, ಇಂಥ ಉತ್ತರ ಕೇಳಿರಲಿಲ್ಲ. ಇವನು ಕೇಳಿ, ಅಪ್ಪ ಹೇಳಿ, ಇವನು ಬಂದು ತಿಳಿಸುವುದಕ್ಕಿಂತ ನಾನೇ ಕೇಳುವುದು ಬೇಗ ಅಂದುಕೊಂಡು ನಂಬರು ತಿರುಗಿಸಿದ. ನೀವು ಗೋದಾಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ "ಹಿ ವಿಲ್ ಪಿಚ್. ಐ ಗಿವ್ ಯೂ ಮೈ ವರ್ಡ್" ಅಂದಿರಿ. ಭಾನುವಾರ ನನಗೆ ಅದನ್ನು ಹೇಳುವಾಗ ನಿಮ್ಮ ಧ್ವನಿ ಮಗನಿಗೆ ಹೆಣ್ಣು ನಿಶ್ಚಯ ಮಾಡಿ ಬಂದವರ ಧ್ವನಿಯಂತಿತ್ತು. "ಮಾತು ಕೊಟ್ಟೀನಿ, ಮುಗೀತು. ಹೆಣ್ಣಮಕ್ಕಳಿಗೆ ಬೌಲಿಂಗ್ ತಿಳಿಯಂಗಿಲ್ಲ, ಊರ್ಮಿಳಾ." ತಿಳಿಯುವುದಿಲ್ಲ, ಸರಿ. ತಿಳಿಯದವಳು ಏನು ನೋಡಿದಳು ಅನ್ನುವುದನ್ನಾದರೂ ಓದಿ.

ಆಗಸ್ಟ್ ಹದಿಮೂರರ ಭಾನುವಾರ, ಮಧ್ಯಾಹ್ನದ ಆಟ. ಎಂದಿನಂತೆ ಪಚೇಕೋ ಪಾಸ್ ದಾಟಿ, ಒಂದು ಡಬ್ಬಿ ಮೊಸರನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕಣಿವೆಗೆ ಇಳಿದಿದ್ದೆ. ನೂರಾ ಎರಡು ಡಿಗ್ರಿ ಬಿಸಿಲು. ನಮ್ಮವರು ಹದಿನೇಳಕ್ಕೆ ಎರಡರಂತೆ ಸೋಲುತ್ತಿದ್ದರು. ಇಂಥ ಹೊತ್ತಿನಲ್ಲಿ, ಹೇಗೂ ಸೋತಾಯಿತು, ಪಿಚರ್‌ಗಳ ಕೈ ಯಾಕೆ ದಣಿಸಬೇಕೆಂದು ಬೇರೆ ಯಾವನನ್ನಾದರೂ ದಿಬ್ಬ ಹತ್ತಿಸಿ ಎಸೆಸುವುದುಂಟು. ಜನ ನಗುತ್ತಾರೆ, ಅವನೂ ನಗುತ್ತಾನೆ, ಆಟ ಮುಗಿಯುತ್ತದೆ. ಹಾರ್ಲನ್ ಬಲಗಡೆ ಮೈದಾನದ ತುದಿಯಲ್ಲಿ ನಿಂತಿದ್ದ ಸಂದೇಶನಿಗೆ ಕೈ ಬೀಸಿದ. ಹಳೆಯ ಪಿಚರ್ ಇವನು, ಚೆಂಡು ಮೆಲ್ಲಗೆ ಹಾಕಿ ಬಂದರೆ ಸಾಕು ಅಂದುಕೊಂಡಿರಬೇಕು. ಮೆಲ್ಲಗೆ ಹಾಕುವುದನ್ನು ಈ ಹುಡುಗನಿಗೆ ಯಾರು ಕಲಿಸಿದ್ದಾರೆ? ಮೊದಲನೆಯದು ಹೋಗಿ ಬಿದ್ದ ಶಬ್ದಕ್ಕೆ ಬೇಲಿಯ ಹಿಂದೆ ವೇಗ ಅಳೆಯುವ ಗನ್ನು ಹಿಡಿದು ತೂಕಡಿಸುತ್ತಿದ್ದ ಮುದುಕ ಎಚ್ಚರಾದ. ಗಂಟೆಗೆ ತೊಂಬತ್ತನಾಲ್ಕು ಮೈಲಿ! ಹನ್ನೊಂದು ಸಲ ಎಸೆದ, ಮೂವರು ಔಟು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕೂತೇ ಇದ್ದೆ, ಮೊಸರನ್ನ ತೊಡೆಯ ಮೇಲಿತ್ತು. ಒಂದನ್ನು ಮುಚ್ಚಿಡುವುದಿಲ್ಲ: ದಿಬ್ಬ ಇಳಿಯುವಾಗ ಅವನು ನಕ್ಕ. ಹದಿನೇಳು ವರ್ಷದವನಾಗಿದ್ದಾಗ ನಗುತ್ತಿದ್ದ ಹಾಗೆ. ಆ ನಗು ನೋಡಿ ನನಗೆ ಸಂತೋಷವಾಯಿತು, ಕಣ್ಣು ಮಾತ್ರ ಅವನ ಮೊಣಕೈ ಬಿಟ್ಟು ಕದಲಲಿಲ್ಲ.

ಈ ಆಟದಲ್ಲಿ ಎಸೆಯುವವನು ಎಸೆಯಬೇಕು, ಹೊಡೆಯುವವನು ಹೊಡೆಯಬೇಕು. ಎರಡೂ ಮಾಡುವವನಿಗೆ ಜಾಗವಿಲ್ಲ. ಇದು ನಿಮಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಒಪ್ಪಿಕೊಂಡವರಲ್ಲ. ಶಾಲೆಯ ಮೈದಾನಕ್ಕೆ ಕ್ಲಬ್ಬಿಗೆ ಹುಡುಗರನ್ನು ಆರಿಸುವ ಸ್ಕೌಟು ಬಂದು "ನಿಮ್ಮ ಹುಡುಗ ಪಿಚರ್ರೋ ಹಿಟರ್ರೋ" ಎಂದಾಗ ನೀವು ಎದೆ ಮುಂದೆ ಮಾಡಿ "ಆಲ್‌ರೌಂಡರ್" ಅಂದಿರಿ. ಅವನಿಗೆ ಆ ಪದ ತಿಳಿಯಲಿಲ್ಲ. ಗಾವಸ್ಕರನ ಊರಿನವನಾಗಲಿ, ಗದಗಿನವನಾಗಲಿ ಆಗಿದ್ದರೆ ಕೈ ಕುಲುಕುತ್ತಿದ್ದ. ಇವನು ನಿಮ್ಮ ಮುಖ ನೋಡಿ, ಚೀಟಿಯ ಮೇಲೆ "ಪಿಚರ್" ಎಂದು ಗೀಚಿಕೊಂಡು ಹೋದ.

ಇನ್ನು ನಮ್ಮ ಹಿತ್ತಲಿನ ಸಂಗತಿ. ಇದನ್ನು ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ, ಇವತ್ತು ಬರೆಯುತ್ತೇನೆ. ಹೈಸ್ಕೂಲಿನಲ್ಲಿ ಕೋಚು ಪ್ರತಿ ಆಟಕ್ಕೂ ಅವನ ಎಸೆತ ಎಣಿಸುತ್ತಿದ್ದ. ತೊಂಬತ್ತಾದರೆ ಸಾಕು, ನಾಲ್ಕು ದಿನ ಕೈಗೆ ರಜೆ. ನೀವು ಅದನ್ನು ಕೇಳಿ ನಕ್ಕಿರಿ. "ತೊಂಬತ್ತಂದ್ರ ಹದಿನೈದು ಓವರ್. ನಾ ಧಾರವಾಡದಾಗ ಮ್ಯಾಟಿನ ಮ್ಯಾಲೆ ಒಂದ ದಿನಕ್ಕ ಇಪ್ಪತ್ತೆಂಟ್ ಓವರ್ ಹಾಕೀನಿ, ಸಂಜಿಗೆ ಸೈಕಲ್ ಹೊಡ್ಕೊಂಡು ಮನಿಗೆ ಬಂದೀನಿ." ಆಮೇಲೆ ರಜೆಯ ದಿನಗಳಲ್ಲಿ, ಬೆಳ್ಳುಳ್ಳಿ ಕಾರ್ಖಾನೆಯಿಂದ ಬಂದು ಬೂಟು ಸಹ ಬಿಚ್ಚದೆ, ಹಿತ್ತಲ ಬೇಲಿಗೆ ಗೋಣಿಚೀಲ ನೇತುಹಾಕಿ ಹತ್ತು ಓವರು. ಓಡಿ ಬಂದು ಕೈ ಚಾಚಿ ಗಾಳಿಯಲ್ಲಿ ತಿರುಗಿಸುವ ಬೌಲಿಂಗೂ, ನಿಂತಲ್ಲೇ ಮೊಣಕೈ ಮಡಿಸಿ ಚಾಟಿಯಂತೆ ಬೀಸುವ ಪಿಚಿಂಗೂ ಒಂದೇ ಅಲ್ಲವೆಂದು ಕೋಚು ಹೇಳಿದ್ದ. ಓವರಿನಲ್ಲಿ ಅಳೆಯುವ ಸಾಮಾನೇ ಅಲ್ಲ ಅದು. ನೀವು ಅಳೆದಿರಿ. ನಾನು ಎಣಿಸಿದೆ. ಹೌದು, ಹಿತ್ತಲ ಮೆಟ್ಟಿಲ ಮೇಲೆ ಕೂತು ಆರು ಕಡಲೆಕಾಳು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಸಾಗಿಸಿದವಳು ನಾನೇ. ಅಂಪೈರ್ ಊರ್ಮಿಳಾ ಎಂದು ನೀವು ಕರೆದರೆ ಹಿಗ್ಗುತ್ತಿದ್ದೆ. ಪ್ರಾಸ ಬೇರೆ ಕಟ್ಟಿದ್ದೆ:

ಒಂದು ಎರಡು ಮೂರು, ಗೋಣಿಚೀಲ ಚೂರು;
ನಾಲ್ಕು ಐದು ಆರು, ಯಾರಿಗಿವನು ಜೋರು?

ಅವನಿಗೆ ಮೊಣಕೈ ನೋಯುತ್ತಿದೆಯೇ ಎಂದು ಕೇಳುವ ಒಂದು ಸಾಲು ಅದರಲ್ಲಿ ಇರಲಿಲ್ಲ. ಕೇಳಿದ್ದರೂ ಪ್ರಯೋಜನವಿರಲಿಲ್ಲ ಅನ್ನಿ. "ಆರಾಮೇನೋ?" ಅಂದರೆ "ಆರಾಮ" ಅನ್ನಬೇಕೆಂದು ನಾವೇ ಕಲಿಸಿದ್ದೆವಲ್ಲ. ಅವನಿಗೆ ಬರುವ ನಲವತ್ತು ಕನ್ನಡ ಪದಗಳಲ್ಲಿ ಮೊದಲನೆಯದು ಅದು.

ಕ್ಲಬ್ಬು ಸೇರಿದ ಎರಡನೇ ವರ್ಷ ಮೊಣಕೈ ಹರಿಯಿತು. ಡಾಕ್ಟರು ಎಡ ಮಣಿಕಟ್ಟಿನಿಂದ ಸ್ನಾಯುವಿನ ಒಂದು ಎಳೆ ತೆಗೆದು ಬಲ ಮೊಣಕೈಗೆ ಹೊಲಿಯುವ ಮುನ್ನ ನಮ್ಮ ಮೂವರನ್ನೂ ಕೂರಿಸಿಕೊಂಡು ಕೇಳಿದರು: "ಹೈಸ್ಕೂಲಿನಲ್ಲಿ ವಾರಕ್ಕೆ ಎಷ್ಟು ಎಸೆಯುತ್ತಿದ್ದ?" ಸಂದೇಶ ನಿಮ್ಮ ಕಡೆ ನೋಡಿದ. ನೀವು "ನೈಂಟಿ" ಅಂದಿರಿ. ಡಾಕ್ಟರು ನೈಂಟಿ ಎಂದು ಬರೆದುಕೊಂಡು, ಇಷ್ಟು ಕಡಿಮೆ ಎಸೆದವನಿಗೆ ಇಷ್ಟು ಹರಿದದ್ದು ವಿಚಿತ್ರ, ಹುಟ್ಟಿನಿಂದಲೇ ಮೊಣಕೈ ದುರ್ಬಲವಿರಬೇಕು ಅಂದರು. ಕಾರಿನಲ್ಲಿ ನಾನು "ಹಿತ್ತಲದ್ದು?" ಎಂದೆ. ನೀವು ಗೇರು ಹಾಕುತ್ತ "ಅದು ಮನಿಯೊಳಗಿಂದು, ಲೆಕ್ಕಕ್ಕ ಬರಂಗಿಲ್ಲ" ಎಂದಿರಿ. ನಿಮ್ಮ ಬಾಯಲ್ಲಿ ಸುಳ್ಳು ಇರಲಿಲ್ಲ, ಅದೇ ದುಃಖ. ಮನೆಯೊಳಗೆ ಮಾಡಿದ್ದು ಲೆಕ್ಕಕ್ಕಿಲ್ಲ ಎಂದು ನೀವು ನಿಜವಾಗಿಯೂ ನಂಬಿದವರು. ನಿಮಗೆ ಇಪ್ಪತ್ತನಾಲ್ಕು ವರ್ಷ ಅಡುಗೆ ಮಾಡಿದವಳಿಗೆ ಇದು ಹೊಸದಲ್ಲ. ಆದರೆ ನಾನೂ ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಂಡಿದ್ದೆ. ಹೊರಗಿನವರ ಮುಂದೆ ಮನೆಯ ಮಾತು ಯಾಕೆ ಎಂದು. ಹುಟ್ಟು ದುರ್ಬಲ ಎಂಬ ಹಣೆಪಟ್ಟಿ ಹೊತ್ತು ಮಗ ಆಪರೇಷನ್ ಟೇಬಲ್ಲಿಗೆ ಹೋದ. ಹೊರಗೆ ಬೆಂಚಿನ ಮೇಲೆ ನಾವಿಬ್ಬರು ಗಟ್ಟಿಮುಟ್ಟಾಗಿ ಕೂತಿದ್ದೆವು.

ಮುಂದಿನದು ನೀವು ಕಂಡದ್ದೇ. ಒಂದು ವರ್ಷ ಕೈ ಕಟ್ಟಿಕೊಂಡು ಕೂತ, ಮರಳಿ ದಿಬ್ಬ ಹತ್ತಿದಾಗ ಚೆಂಡು ಎಲ್ಲೆಲ್ಲೋ ಹೋಯಿತು. ಇನ್ನು ಆಗದು ಎಂದು ಕ್ಲಬ್ಬು, ಮನೆಗೆ ಕಳಿಸುವ ಬದಲು, ಬ್ಯಾಟು ಹಿಡಿದು ನೋಡು ಎಂದಿತು. ಅದು ತೊಂಬತ್ತೊಂಬತ್ತರ ವಸಂತ. ನೀವು ಜನವರಿಯಲ್ಲೇ ಮೆಣಸಿನಕಾಯಿ ಒಣಗಿಸುವ ಯಂತ್ರಗಳ ಜೊತೆ ಬ್ಯಾಡಗಿಗೆ ಹೋಗಿದ್ದಿರಿ. ಅಂದರೆ ನೀವು ನೋಡಿದ್ದು ಎಸೆಯುವ ಮಗನನ್ನು ಮಾತ್ರ. ಹೊಡೆಯುವವನ ಪರಿಚಯವೇ ನಿಮಗಿಲ್ಲ. ನಾನು ಪರಿಚಯ ಮಾಡಿಕೊಡುತ್ತೇನೆ. ಇಪ್ಪತ್ತೆರಡಕ್ಕೆ ಬ್ಯಾಟು ಹಿಡಿದವನು, ಎಂಟರಿಂದ ಹಿಡಿದವರ ನಡುವೆ. ಮೊದಲ ಮೂವತ್ತೊಂದು ಸರದಿಯಲ್ಲಿ ಒಂದೂ ಹೊಡೆತವಿಲ್ಲ. ಅಂಗೈ ಗುಳ್ಳೆಯೆದ್ದು ಒಡೆದು, ಮನೆಗೆ ಬಂದರೆ ನಾನು ಅರಿಶಿನ ತುಪ್ಪ ಹಚ್ಚಬೇಕು. ಚಳಿಗಾಲವಿಡೀ ಅದೇ ಹಿತ್ತಲಿನಲ್ಲಿ, ಅದೇ ಬೇಲಿಗೆ ಬಲೆ ಕಟ್ಟಿ, ಬಟ್ಟೆ ಬುಟ್ಟಿ ತುಂಬ ಚೆಂಡಿಟ್ಟುಕೊಂಡು ನಾನು ಮೊಣಕಾಲೂರಿ ಒಂದೊಂದೇ ಚೆಂಡು ಪಕ್ಕದಿಂದ ಮೇಲಕ್ಕೆ ತೂರುತ್ತಿದ್ದೆ, ಅವನು ಬಲೆಗೆ ಹೊಡೆಯುತ್ತಿದ್ದ. "ಹೈಯರ್, ಅಮ್ಮಾ. ನಾಟ್ ದಟ್ ಹೈ. ಅಮ್ಮಾ, ಈಸ್ ದಿಸ್ ಎ ಲಡ್ಡು?" ನಲವತ್ತೈದನೇ ವಯಸ್ಸಿನಲ್ಲಿ ನಾನು ಕೆಲಸಕ್ಕೆ ಬಾರದ ಬಿ.ಎ. ಕನ್ನಡದ ಜೊತೆಗೆ ಇದೊಂದು ವಿದ್ಯೆ ಕಲಿತೆ. ಈ ವರ್ಷ ಅವನು ಹತ್ತಕ್ಕೆ ಮೂರು ಸಲ ಹೊಡೆಯುತ್ತಿದ್ದಾನೆ. ನಮ್ಮ ಶಾಲೆಯಲ್ಲಿ ಹತ್ತಕ್ಕೆ ಮೂರು ಬಂದರೆ ನಪಾಸು, ಇಲ್ಲಿ ಅದಕ್ಕೆ ಚಪ್ಪಾಳೆ. ಚಪ್ಪಾಳೆಗಿಂತ ನನಗೆ ಮುಖ್ಯವಾದದ್ದು ಹೊಡೆದು ಬಂದ ದಿನ ಅವನು ಕಾರಿನಲ್ಲಿ ಮಾತಾಡುತ್ತಾನೆ ಅನ್ನುವುದು. ಎಸೆದು ಬಂದ ದಿನ ಕಿಟಕಿಯ ಹೊರಗೆ ನೋಡುತ್ತಿದ್ದ, ನೀವು ಮಾತಾಡುತ್ತಿದ್ದಿರಿ.

ನೀವು ಕೇಳಬಹುದು, ಹೊಡೆತ ನಿನ್ನ ಹಿತ್ತಲದ್ದೆಂದು ನಿನಗೆ ಇಷ್ಟು ಉರಿಯೇನು ಎಂದು. ನಾನೂ ಕೇಳಿಕೊಂಡೆ. ಇದ್ದರೂ ಇರಬಹುದು. ಎಸೆತ ನಿಮ್ಮದು, ಹೊಡೆತ ನನ್ನದು, ಮಧ್ಯದಲ್ಲಿ ಸವೆತ ಅವನದು. ಅದಕ್ಕೇ ನಾನು ನಿಮ್ಮ ಹಾಗೆ ಯಾರಿಗೂ ಮಾತು ಕೊಟ್ಟಿಲ್ಲ. ಅವನು ತಾನಾಗಿ ಬಂದು "ಅಮ್ಮಾ, ನಾನು ಎಸೀತೀನಿ" ಎಂದರೆ ಬುಟ್ಟಿ ಒಳಗಿಟ್ಟು, ಮೊಸರನ್ನ ಕಟ್ಟಿಕೊಂಡು ಅರಿಜೋನಾಕ್ಕೂ ಹೋಗುತ್ತೇನೆ. ಅವನು ಅನ್ನಲಿ. ಅವನ ಬಾಯಿಂದ ಬರಲಿ.

ಬರುವುದಿಲ್ಲ. ಭಾನುವಾರ ರಾತ್ರಿಯೇ ಕೇಳಿದೆ. ನಿನಗೇನು ಬೇಕು, ಎಸೆಯುವುದೋ ಹೊಡೆಯುವುದೋ? "ಡ್ಯಾಡ್ ಗೇವ್ ಹಿಸ್ ವರ್ಡ್, ಅಮ್ಮಾ. ವಾಟ್ ಆಮ್ ಐ ಸಪೋಸ್ಡ್ ಟು ಡೂ?" ಅಷ್ಟೇ. ಬೇಕು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಅವನ ತಂಡದಲ್ಲಿ ಅಪ್ಪನ ಹೆಸರು ಹಿಡಿದು ಕರೆಯುವ ಹುಡುಗರಿದ್ದಾರೆ, ಅಪ್ಪ ಯಾರೆಂದು ಗೊತ್ತಿಲ್ಲದವರೂ ಇದ್ದಾರೆ. ಅವರ ನಡುವೆ ಬೆಳೆದೂ ಅಪ್ಪ ಆಡಿದ ಮಾತು ಮಗ ತೀರಿಸಬೇಕೆಂಬುದು ಇವನ ಮೈಗೆ ಹೇಗೆ ಹತ್ತಿತು? ನಾವೇ ಹತ್ತಿಸಿದೆವು. ನೆನಪಿದೆಯೇ, ವಾಲ್ನಟ್ ಕ್ರೀಕಿನ ಯುಗಾದಿ ಕಾರ್ಯಕ್ರಮ? ಅವನಿಗೆ ಒಂಬತ್ತು ವರ್ಷ, ಮೈಯಲ್ಲಿ ನೂರಾ ಎರಡು ಜ್ವರ. ನಾನು ಬೇಡವೆಂದೆ. ನೀವು "ಸಂಘದವರಿಗೆ ಮಾತು ಕೊಟ್ಟೀನಿ, ನಾಕ್ ವಚನ ಅಷ್ಟ" ಅಂದಿರಿ. ಶಾಲು ಸುತ್ತಿಕೊಂಡು ಮೈಕಿನ ಮುಂದೆ ನಿಂತು ನಾಲ್ಕನ್ನೂ ತಪ್ಪಿಲ್ಲದೆ ಹೇಳಿ, ಕೈ ಮುಗಿದು, ಮೆಟ್ಟಿಲಿಳಿದು ವಾಂತಿ ಮಾಡಿಕೊಂಡ. ಎಲ್ಲರೂ ಎಂಥ ಮಗ, ಎಂಥ ಸಂಸ್ಕಾರ ಅಂದರು. ನೀವು ಹಿಗ್ಗಿದಿರಿ. ನಾನೂ ನೆಲ ಒರೆಸುತ್ತ ಸ್ವಲ್ಪ ಹಿಗ್ಗಿದೆ.

ಸೋಮವಾರ ರಜೆ ಹಾಕಿ ಹಾರ್ಲನ್ ಹತ್ತಿರ ಹೋದೆ. ಬೇಲಿಯಾಚೆ ನಿಂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿದ್ದ. ನನ್ನ ಇಂಗ್ಲಿಷ್ ನಿಮಗೆ ಗೊತ್ತು, ಸಿಟ್ಟಿನಲ್ಲಿ ಅದು ಇನ್ನೂ ಮೂರು ಕಾಲಿನ ಕುರ್ಚಿ. ಆದರೂ ಹೇಳಿದೆ: ಮಾತು ಕೊಟ್ಟವರು ಗಂಡ, ಮೊಣಕೈ ಮಗನದು, ಗಂಡನ ಮೊಣಕೈ ಬೇಕಾದರೆ ಅರಿಜೋನಾಕ್ಕೆ ಪಾರ್ಸೆಲ್ ಮಾಡುತ್ತೇನೆ. ಅವನು ನಗಲಿಲ್ಲ, ಟೋಪಿ ತೆಗೆದ. ಸಂದೇಶ ಅವನ ಬಾಯಲ್ಲಿ ಸ್ಯಾಂಡಿ. "ಮ್ಯಾಮ್, ಸ್ಯಾಂಡಿ ಒಂದು ಸಲ ನನ್ನ ಮುಖ ನೋಡಿ ಬೇಡ ಅಂದರೆ ಸಾಕು, ನಾನು ಕ್ಲಬ್ಬಿಗೆ ಹೇಳಿ ಬ್ಯಾಟೇ ಕೊಡಿಸುತ್ತೇನೆ. ಅವನು ಅನ್ನುತ್ತಿಲ್ಲ. ಅವರಪ್ಪ ದೊಡ್ಡ ಮನುಷ್ಯ, ಮಾತಿನವರು. ಈಗ ನಾನೇನು ಮಾಡಲಿ?" ಎಂದ. ನೋಡಿ, ಏಳು ಸಮುದ್ರ ದಾಟಿ ನಿಮ್ಮ ಮಾತಿಗೆ ಬೆಲೆ ಬಂದಿದೆ. ಹಾರ್ಲನ್ ಅದನ್ನು ನಂಬುತ್ತಾನೆ, ಮಗ ನಂಬುತ್ತಾನೆ. ನಾನೊಬ್ಬಳೇ ಅದರ ಮುಂದೆ ಬೀಗ ಹಾಕಿದ ಅಂಗಡಿಯ ಮುಂದೆ ನಿಂತಂತೆ ನಿಂತಿದ್ದೇನೆ.

ಇಲ್ಲೀಗ ಎಲ್ಲರೂ ಕಸುಬು ಬದಲಿಸುವವರೇ. ಈ ಕಾಗದ ತರುತ್ತಿರುವ ಜಯರಾಮ್ ಹದಿನೈದು ವರ್ಷ ಫ್ರೀವೇ ಸೇತುವೆಗಳ ಲೆಕ್ಕ ಹಾಕುತ್ತಿದ್ದವರು. ಹೋದ ವರ್ಷ ಅದನ್ನು ಬಿಟ್ಟು ಇಂಟರ್ನೆಟ್ಟಿನಲ್ಲಿ ಉಪ್ಪಿನಕಾಯಿ ಮಾರುವ ಕಂಪನಿಗೆ ಉಪಾಧ್ಯಕ್ಷರಾದರು. ಜೂನಿನಲ್ಲಿ ಕಂಪನಿ ಮುಳುಗಿತು, ಜುಲೈನಲ್ಲಿ ಮತ್ತೆ ಸೇತುವೆಗೆ ಬಂದರು. ಮನೆಯಲ್ಲಿ ನೂರಿಪ್ಪತ್ತು ಶೀಶೆ ಮಿಡಿಯುಪ್ಪಿನಕಾಯಿ ಉಳಿದದ್ದು ಬಿಟ್ಟರೆ ಅವರಿಗೇನೂ ಆಗಿಲ್ಲ. ನಿಮಗೂ ಎರಡು ಶೀಶೆ ಬರುತ್ತಿವೆ. ಅವರು ನನಗೆ ಸಮಾಧಾನ ಹೇಳಿದರು: "ನೋಡಿ ಊರ್ಮಿಳಾ, ಹೋಗ್ಲಿ ಬಿಡಿ, ಟ್ರೈ ಮಾಡ್ಲಿ. ವರ್ಕೌಟ್ ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ರಾಯ್ತು. ನಾನ್ ಬರ್ಲಿಲ್ವಾ?" ಅವರದು ತಲೆ, ಒಳಗಿದ್ದ ಸಿಮೆಂಟು ಹಾಗೇ ಇತ್ತು. ಇವನದು ಹೊಲಿದ ಕೈ. ಇನ್ನೊಮ್ಮೆ ಹರಿದರೆ ಹೊಲಿಯಲು ಎಳೆ ಎಲ್ಲಿಂದ ತರಲಿ? ಡಾಕ್ಟರು ಅಂದೇ ಹೇಳಿದ್ದರು, ಎರಡನೇ ಸಲದ್ದಕ್ಕೆ ನಾನು ಭರವಸೆ ಕೊಡುವುದಿಲ್ಲ ಎಂದು. ಎಸೆಯುವುದೂ ಹೋಗುತ್ತದೆ, ಹೊಡೆಯುವುದೂ ಹೋಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಬೇಡಿಕೆ ಅಂದರೆ ಬೇಡುವುದಲ್ಲ, ಕೇಳಿ. ನೀವು ಕೊಟ್ಟ ಮಾತನ್ನು ನೀವೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಹಾರ್ಲನ್ನನಿಗೆ ಫೋನು ಮಾಡಿ, "ನಾನು ನನ್ನದಲ್ಲದ್ದನ್ನು ಕೊಟ್ಟೆ" ಅನ್ನಬೇಕು. ನಾಚಿಕೆಯಾದರೆ ಗೋದಾಮಿನವರನ್ನು ಹೊರಗೆ ಕಳಿಸಿ. ನಾಚಿಕೆ ಬಹಳವಾದರೆ ಬಾಯಿಗೆ ಕಟ್ಟಿದ ಬಟ್ಟೆಯೊಳಗಿಂದಲೇ ಹೇಳಿ, ಅವನಿಗೆ ನಿಮ್ಮ ಉಚ್ಚಾರಣೆ ಹೇಗೂ ಅರ್ಧ ತಿಳಿಯುವುದು. ಆಮೇಲೆ ಮಗನಿಗೆ ಫೋನು ಮಾಡಿ "ನಿನಗ ಹ್ಯಾಂಗ ಬೇಕ ಹಂಗ ಮಾಡಪಾ" ಎನ್ನಬೇಕು. ಅಷ್ಟೇ ಹೇಳಿ ಇಡಬೇಕು. ಅದರ ಬಾಲಕ್ಕೆ ಧಾರವಾಡದ ಮ್ಯಾಟು ಕಟ್ಟಬಾರದು, ಇಪ್ಪತ್ತೆಂಟು ಓವರು ಕಟ್ಟಬಾರದು. ಇದನ್ನು ಮಾಡದೆ ನೀವು ಸಂಕ್ರಾಂತಿಗೆ ಇಲ್ಲಿಗೆ ಬಂದರೆ ವಿಮಾನ ನಿಲ್ದಾಣಕ್ಕೆ ನಾನು ಬರುವುದಿಲ್ಲ. ಟ್ಯಾಕ್ಸಿ ಹಿಡಿದು, ಬೆಳ್ಳುಳ್ಳಿ ವಾಸನೆ ಬಂದ ಕಡೆ ಇಳಿದುಕೊಳ್ಳಿ.

ಇಷ್ಟು ಬರೆದ ಮೇಲೆ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ, ಇಳಿದಿಲ್ಲ. ಆದರೂ ನೀಲಾಬಾಯಿ ವೈನಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಸೊಂಟ ನೋವಿಗೆ ಒಂದು ಮುಲಾಮು ಇಟ್ಟಿದ್ದೇನೆ. ದೇವೇಂದ್ರಪ್ಪ ಕಾಕಾಗೆ ಓದುವ ಕನ್ನಡಕ ಕಳಿಸಿದ್ದೇನೆ, ನಂಬರು ಸರಿಯಿಲ್ಲದಿದ್ದರೆ ದೂರ ಹಿಡಿದು ಓದಲಿ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿ, ಕಷಾಯ ಕುಡಿಯಿರಿ, ಗುಳಿಗೆ ತಪ್ಪಿಸಬೇಡಿ. ನಿಮ್ಮ ಮೇಲೆ ಸಿಟ್ಟಾಗಲು ನೀವು ಗಟ್ಟಿಯಾಗಿರಬೇಕು.

ಇಂತು,
ಒಳಗೆಲ್ಲ ಕೆಂಪಾಗಿರುವ
ಊರ್ಮಿಳಾ

ತಾ.ಕ.: ಗುರುವಾರ ಬೆಳಿಗ್ಗೆ, ಅಂಗಡಿಯ ಕೌಂಟರಿನ ಮೇಲೆ ಬರೆಯುತ್ತಿದ್ದೇನೆ. ಜಯರಾಮ್ ಎದುರಿನ ಅಂಗಡಿಯಲ್ಲಿ ಬೂಟು ಆರಿಸುತ್ತಿದ್ದಾರೆ, ಹತ್ತು ನಿಮಿಷವಿದೆ. ನಿನ್ನೆ ಆಟವಿರಲಿಲ್ಲ, ನಾನು ಹೆಸರು ಬರೆದು ಪೆನ್ನು ಮುಚ್ಚಿದ ಮೇಲೆ ಸಂದೇಶ ಮನೆಗೆ ಬಂದ. ಜೋಳದ ರೊಟ್ಟಿ ಬಡಿದು ಹಾಕಿದೆ. ಎಡಗೈಯಲ್ಲಿ ಮುರಿದ. ಎಡಗೈಯಲ್ಲಿ ಉಂಡರೆ ಬೆನ್ನಿಗೆ ಗುದ್ದು ಬೀಳುವ ಮನೆಯಲ್ಲಿ ಬೆಳೆದವನು! ಬಲಗೈ ಎಲ್ಲೋ ಎಂದೆ, ಮೇಜಿನ ಕೆಳಗಿತ್ತು. ಎಳೆದು ನೋಡಿದೆ. ಕಿರುಬೆರಳು, ಉಂಗುರಬೆರಳು, ಎರಡಕ್ಕೂ ಆ ಭಾನುವಾರದ ಹನ್ನೊಂದು ಎಸೆತದಿಂದ ಜೋಮು. ಚಿವುಟಿದರೂ ತಿಳಿಯುವುದಿಲ್ಲ. ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಬ್ಯಾಟು ಕೈ ಜಾರುತ್ತಿದೆ, ಹತ್ತು ದಿನದಲ್ಲಿ ಒಂದೇ ಒಂದು ಹೊಡೆತ. ಡಾಕ್ಟರ ಹತ್ತಿರ ನಡಿ ಎಂದರೆ, ಡಾಕ್ಟರು ಕ್ಲಬ್ಬಿಗೆ ಹೇಳಿಬಿಡುತ್ತಾರೆ, ಅಪ್ಪನ ಮಾತು ಹೋಗುತ್ತದೆ ಎಂದ. ಅದನ್ನು ಕನ್ನಡದಲ್ಲೇ ಹೇಳಿದ, ಒಂದೊಂದೇ ಶಬ್ದ ಹುಡುಕಿ: "ಅಪ್ಪಗ ಹೇಳಬ್ಯಾಡ. ಮಾತು ಕೊಡು." ನಿಮಗೆ ಫೋನಿನಲ್ಲಿ ಹೇಳಿದರೆ ನೀವು ಮರುಕ್ಷಣ ಅವನಿಗೆ ಹಚ್ಚಿ "ಆರಾಮೇನೋ" ಅನ್ನುತ್ತೀರಿ, ಅವನು "ಆರಾಮ" ಅನ್ನುತ್ತಾನೆ, ನೀವು ನಂಬುತ್ತೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಹಾರ್ಲನ್ನನಿಗೆ ಮಾಡಿ, ಅವನ ನಂಬರು ಲಕೋಟೆಯ ಬೆನ್ನಿಗಿದೆ. ಮಗನ ತಲೆ ಮುಟ್ಟಿ ಹೇಳುವುದಿಲ್ಲ ಎಂದು ಮಾತು ಕೊಟ್ಟವಳು ನಾನು. ಮೇಲಿನ ಆರು ಸಾಲಿನಲ್ಲಿ ಅದನ್ನು ಮುರಿದಿದ್ದೇನೆ, ನನ್ನ ಕೈಗೇನೂ ಆಗಿಲ್ಲ. ಇನ್ನು ನೀವು ಮುರಿಯಿರಿ.